ತಕ್ಕಡಿ ಎಂಬ ವ್ಯಾಪಾರಿ

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯಿಂದ ಹೆಂಡತಿಯನ್ನು ಮನೆಗೆ ಕರೆತಂದು ಇವತ್ತಿಗೆ ಹನ್ನೊಂದು ದಿನ. ಡಾಕ್ಟರ ಚೀಟಿಯಲ್ಲಿದ್ದದ್ದನ್ನೆಲ್ಲ ದುಂಡಗೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದೇನೆ. ಮಾತ್ರೆ, ಕೈಯ ವ್ಯಾಯಾಮ, ಕಾಲಿನ ವ್ಯಾಯಾಮ, ಮಾತಿನ ಅಭ್ಯಾಸ. ಕಾಲು ಪರವಾಗಿಲ್ಲ, ಗೋಡೆ ಹಿಡಿದು ಬಚ್ಚಲಿನವರೆಗೆ ಹೋಗಿಬರುತ್ತಾಳೆ. ಬಲಗೈ ಮಾತ್ರ ಬೇರೆ ಯಾರದೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತದೆ.

ಮಾತು ಒಂದೇ ಉಳಿದಿದೆ. "ನಾಳೆ." ನೀರು ಬೇಕಾದರೂ ನಾಳೆ, ಬೇಡವಾದರೂ ನಾಳೆ, ನೊಣ ಕೂತರೂ ನಾಳೆ. ಪಾರ್ಶ್ವವಾಯು ಹೊಡೆದವರಲ್ಲಿ ಕೆಲವರಿಗೆ ಹೀಗೆ ಒಂದೇ ಪದ ಅಂಟಿಕೊಳ್ಳುತ್ತದಂತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಒಬ್ಬರಿಂದ ಒಬ್ಬರಿಗೆ ಮುಟ್ಟಿಸಿದವಳಿಗೆ ಉಳಿದದ್ದು ಇದೊಂದು.

ವಾರಕ್ಕೆರಡು ಸಲ ಬರುವ ಮಾತಿನ ಟೀಚರ್ ಇವತ್ತು ಲೋಟ, ಬೀಗ, ಛತ್ರಿಯ ಚಿತ್ರ ತೋರಿಸಿದಳು. ಮೂರಕ್ಕೂ ನಾಳೆ. ಆಮೇಲೆ ಆ ಹುಡುಗಿ ನನ್ನತ್ತ ತಿರುಗಿ, ಆಂಟಿಗೆ ಇಷ್ಟವಾದ ಕೆಲಸ ಯಾವುದು, ಅದನ್ನೇ ಇಟ್ಟುಕೊಂಡು ಮಾತು ತೆಗೆಸೋಣ ಎಂದಳು. ಹೊಲಿಗೆ ಎಂದೆ. ಇವಳು ಕಣ್ಣು ಮುಚ್ಚಿಕೊಂಡಳು. ದಣಿವು ಇರಬೇಕು.

ಇವಳಿಗೆ ಏನು ಬೇಕು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಮೂವತ್ತೆಂಟು ವರ್ಷದ ಸಂಸಾರ. ಟೀಗೆ ಸಕ್ಕರೆ ಕಡಿಮೆ, ಕಿಟಕಿ ಮುಚ್ಚಿರಬೇಕು, ಮಧ್ಯಾಹ್ನ ಒಂದು ಗಂಟೆ ನಿದ್ದೆ.

ಮಾರ್ಚ್ 7, ಶುಕ್ರವಾರ

ಹೊಲಿಗೆ ಯಂತ್ರ ಒರೆಸಿ ಎಣ್ಣೆ ಬಿಟ್ಟು ಇವಳ ಮುಂದಿಟ್ಟೆ. ನನ್ನನ್ನೂ ಯಂತ್ರವನ್ನೂ ಒಂದೇ ಥರ ನೋಡಿದಳು.

ಸಂಜೆ ಮಗಳ ಫೋನು. ಅವಳು ಕೆಲಸ ಮಾಡುವ ಪ್ರೆಸ್ಸು ಇಲ್ಲಿಂದ ನಾಲ್ಕು ತಾಸು ದೂರ. ವಾರಕ್ಕೊಮ್ಮೆಯಾದರೂ ಬರಲು ಆಗುತ್ತಿಲ್ಲವೆಂದು ಒದ್ದಾಡುತ್ತಾಳೆ. ಹೊಲಿಗೆ ಯಂತ್ರದ ವಿಷಯ ಹೇಳಿದೆ.

"ಅಮ್ಮ ಹೊಲಿಗೆ ಬಿಟ್ಟು ಹತ್ತು ವರ್ಷ ಆಯ್ತಲ್ಲಪ್ಪ. ಅವಳು ಗೇಮ್ ಆಡ್ತಾಳೆ. ನಿಂಗೆ ಗೊತ್ತಿಲ್ವಾ?"

ಟಿವಿಯ ಕೆಳಗಿನ ಗೂಡಿನಲ್ಲಿ ಹಾಸುಬಟ್ಟೆಯ ಹಿಂದೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದದ್ದು. ಕೆಟ್ಟಿದೆ ಎಂದು ನಾನು ತಿಳಿದಿದ್ದೆ. ಫೋನಿನಲ್ಲೇ ಅವಳು ಹೇಳಿದಂತೆ ತಂತಿ ಸೇರಿಸಿ ಗುಂಡಿ ಒತ್ತಿದೆ. ಜಪಾನಿನವರು ಮಾಡಿದ ಆಟವಂತೆ, ಬರಹವೆಲ್ಲ ಇಂಗ್ಲಿಷಿನಲ್ಲಿ. ಒಂದು ಬೆಟ್ಟ, ಬೆಟ್ಟದ ಮೇಲೆ ಮಂಜು ಮುಚ್ಚಿದ ಗೋಪುರ, ಗೋಪುರದ ಬಾಗಿಲಲ್ಲಿ ನಾಲ್ಕು ಪುಟ್ಟ ಮನುಷ್ಯರು. ಮೂಲೆಯಲ್ಲಿ ಆಡಿದ ಒಟ್ಟು ಸಮಯ: ಮುನ್ನೂರ ಹನ್ನೆರಡು ತಾಸು.

ಎರಡು ಸಲ ಓದಿದೆ. ಮುನ್ನೂರ ಹನ್ನೆರಡು. ನಾನು ಎಲ್ಲಿದ್ದೆ?

ಮಾರ್ಚ್ 8, ಶನಿವಾರ

ಬೆಳಿಗ್ಗೆಯಿಂದ ತಲೆ ಗೊಂದಲದ ಗೂಡಾಗಿದೆ. ಬರೆದರೆ ಇಳಿದೀತು.

ಈ ಆಟದಲ್ಲಿ ಪ್ರತಿಯೊಬ್ಬನಿಗೂ ಒಂದು 'ಕ್ಲಾಸ್' ಇರುತ್ತದೆ. ಶಾಲೆಯ ಕ್ಲಾಸಲ್ಲ, ಕಸುಬು. ಕತ್ತಿಯವನು, ಬಿಲ್ಲಿನವನು, ಮಂತ್ರವಾದಿ, ವೈದ್ಯ, ಕಳ್ಳ, ವ್ಯಾಪಾರಿ, ಹೀಗೆ ಒಟ್ಟು ಹನ್ನೊಂದು. ನಾಲ್ವರ ತಂಡಕ್ಕೆ ಯಾರಿಗೆ ಯಾವ ಕಸುಬೆಂದು ಆಡುವವರೇ ನಿರ್ಧರಿಸಬೇಕು, ಹೆಸರನ್ನೂ ಅವರೇ ಇಡಬೇಕು.

ಇವಳು ಇಟ್ಟ ಹೆಸರುಗಳು: ಎಲ್ಲರ ಮುಂದೆ ಕತ್ತಿ ಹಿಡಿದು ನಿಂತಿರುವುದು 'ಗುಬ್ಬಿ'. ಅದು ತವರಿನಲ್ಲಿ ಇವಳನ್ನು ಕರೆಯುತ್ತಿದ್ದ ಹೆಸರು. ಮಂತ್ರವಾದಿ 'ಪುಟ್ಟಿ', ನಮ್ಮ ಮಗಳು. ವೈದ್ಯೆಯ ಹೆಸರು 'ಅತ್ತೆ'. ಅಂದರೆ ತೀರಿಹೋದ ನನ್ನ ತಾಯಿ. ಇವಳಿಗೂ ಅಮ್ಮನಿಗೂ ಹಾವು ಮುಂಗುಸಿಯ ವೈರ, ಕೊನೆಯ ಎರಡು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ. ಮುನ್ನೂರು ತಾಸು ಇವಳ ಗಾಯಕ್ಕೆ ಮದ್ದು ಹಚ್ಚಿದ್ದು ಆ ಅತ್ತೆಯೇ?

ನಾಲ್ಕನೆಯವನು 'ತಕ್ಕಡಿ'. ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ಹೀಗೇ ಕರೆಯುತ್ತಿದ್ದರು, ನನಗೇನು ಗೊತ್ತಿಲ್ಲವೇ. ತಕ್ಕಡಿಯ ಕಸುಬು ವ್ಯಾಪಾರಿ.

ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದೆ. ಅಂಗಡಿ ಅಂಗಡಿ ಹತ್ತಿ ತೂಕದ ಕಲ್ಲು ತೂಗಿ, ಕಳ್ಳ ತಕ್ಕಡಿ ಜಪ್ತಿ ಮಾಡಿದವನು. ಒಬ್ಬ ವ್ಯಾಪಾರಿಯ ಕೈಯಿಂದ ಒಂದು ಲೋಟ ಟೀ ಕುಡಿದವನಲ್ಲ. ನನ್ನನ್ನು ಇವಳು ವ್ಯಾಪಾರಿ ಮಾಡಿದ್ದಾಳೆ.

ಮಾರ್ಚ್ 13, ಗುರುವಾರ

ಐದು ದಿನದಿಂದ ಆಡುತ್ತಿದ್ದೇವೆ. ಗುಂಡಿಗಳಿರುವ ಕಂಟ್ರೋಲರ್ ನನ್ನ ಕೈಯಲ್ಲಿ, ಇವಳು ಎಡಗೈ ಬೆರಳಲ್ಲಿ ಪರದೆ ತೋರಿಸುತ್ತಾಳೆ. ತಪ್ಪು ಒತ್ತಿದರೆ "ನಾಳೆ" ಎಂದು ಗದರುತ್ತಾಳೆ. ಸರಿ ಒತ್ತಿದರೆ ಅದೇ ನಾಳೆ, ಮೆತ್ತಗೆ. ಗದರುವ ನಾಳೆಯ ಕೊನೆ ಕೆಳಕ್ಕೆ ಬೀಳುತ್ತದೆ, ಒಪ್ಪುವ ನಾಳೆಯದು ಎಳೆಯುತ್ತದೆ. ಬಹುಶಃ.

ಗೋಪುರದ ಒಳಗೆ ಮಾತ್ರ ಇವಳು ಹೋಗಗೊಡುತ್ತಿಲ್ಲ. ಬೆಟ್ಟದ ಬುಡದಲ್ಲೇ ಸುತ್ತಾಟ. ಜಗಳ ಬಂದಾಗಲೆಲ್ಲ ಗಮನಿಸಿದೆ. ಗುಬ್ಬಿಯ ಒಂದು ಏಟಿನ ಬಲ ನೂರ ನಲವತ್ತು, ತಕ್ಕಡಿಯದು ಮೂವತ್ತೆಂಟು. ಬೇರೆ ಕಸುಬಿನವರಿಗಿಲ್ಲದ ಅವನ ವಿದ್ಯೆ ಒಂದೇ, 'ಗುರುತಿಸು': ಸಿಕ್ಕ ವಸ್ತು ಏನೆಂದು ಹೇಳುವುದು. ಇವನನ್ನೂ ಕತ್ತಿಯವನನ್ನಾಗಿ ಮಾಡೋಣ, ಬೆಟ್ಟದ ಕೆಳಗಿನ ಗುಡಿಯಲ್ಲಿ ಕಸುಬು ಬದಲಿಸಬಹುದಂತೆ ಎಂದೆ. ನಾಳೆ, ಕೆಳಕ್ಕೆ ಬೀಳುವಂಥದ್ದು.

ಮಾತಿನ ಟೀಚರನ್ನು ಕೇಳಿದೆ. ಅವಳೂ ಈ ಆಟ ಆಡಿದ್ದಾಳಂತೆ, ಅರ್ಧಕ್ಕೆ ಬಿಟ್ಟಳಂತೆ.

"ವ್ಯಾಪಾರಿ ವೇಸ್ಟ್ ಸರ್. ಎಲ್ರೂ ಹಾಗೇ ಹೇಳ್ತಾರೆ."

ಇವಳು ಆ ಹುಡುಗಿಯನ್ನು ನೋಡಿದ ನೋಟ ನೋಡಬೇಕಿತ್ತು.

ಮಾರ್ಚ್ 16, ಭಾನುವಾರ

ಹನ್ನೊಂದು ಕಸುಬುಗಳ ಬಲಾಬಲವನ್ನು ಕೋಷ್ಟಕ ಮಾಡಲು ಕೂತು ನಾಲ್ಕು ಹಾಳೆ ಹರಿದೆ. ಇಂಟರ್‌ನೆಟ್ಟಿನಲ್ಲಿ ಇದೇ ವಿಷಯಕ್ಕೆ ವರ್ಷಗಟ್ಟಲೆಯಿಂದ ಜನ ಕಿತ್ತಾಡುತ್ತಿದ್ದಾರೆ ಎಂದಳು ಮಗಳು. ಇಂಥ ಜಪಾನೀ ಆಟಗಳಲ್ಲಿ ಕಸುಬುಗಳು ಸಮತೂಕವಾಗಿವೆಯೋ ಇಲ್ಲವೋ ಎಂದು. ಕೆಲವನ್ನು ಓದಿದೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೊಡೆದುಹಾಕಿದ್ದಾನೆ. ಅವರ್‍ಯಾರಿಗೂ ತೂಕ ಮಾಡುವ ಕ್ರಮ ಗೊತ್ತಿಲ್ಲ.

ತೂಗಬೇಕಾದರೆ ಮೊದಲು ಒಂದು ನಿಶ್ಚಿತ ಕಲ್ಲು ಬೇಕು. ನಮ್ಮ ಮುಖ್ಯ ಕಚೇರಿಯಲ್ಲಿ ಗಾಜಿನ ಡಬ್ಬಿಯಲ್ಲಿ ಒಂದು ಇತ್ತು, ಉಳಿದವೆಲ್ಲ ಅದಕ್ಕೆ ತಾಳೆ ನೋಡಿದವು. ಇಲ್ಲಿ ಯಾವುದು ಆ ಕಲ್ಲು? ಏಟಿನ ಬಲವೇ ಕಲ್ಲಾದರೆ ಕತ್ತಿಯವನು ಗೆದ್ದ. ಬದುಕಿ ಉಳಿಯುವುದಾದರೆ ವೈದ್ಯ. ಮಂತ್ರವಾದಿ ಮೊದಲ ಇಪ್ಪತ್ತು ಲೆವೆಲ್ಲು, ಅಂದರೆ ಮೆಟ್ಟಿಲು, ಪಾಪದವನು, ಊದಿದರೆ ಬೀಳುತ್ತಾನೆ. ಐವತ್ತರ ನಂತರ ಅವನೆದುರು ಯಾರೂ ನಿಲ್ಲುವುದಿಲ್ಲ. ಅವನನ್ನು ಯಾವ ದಿನ ತೂಗಬೇಕು? ಇನ್ನೊಂದು ವಿಚಿತ್ರ. ಕಸುಬು ಬದಲಿಸಿದವನು ಮತ್ತೆ ಒಂದನೇ ಲೆವೆಲ್ಲಿಗೆ ಬೀಳುತ್ತಾನೆ, ಆದರೆ ಹಳೆಯ ವಿದ್ಯೆಯಲ್ಲಿ ಎರಡನ್ನು ಉಳಿಸಿಕೊಳ್ಳುತ್ತಾನೆ. ಹಾಗಾಗಿ ಅಲ್ಲಿ ಇಲ್ಲಿ ಹಾರಿದವನೇ ಕೊನೆಗೆ ಬಲಶಾಲಿ. ಒಂದೇ ಕುರ್ಚಿಯಲ್ಲಿ ಮೂವತ್ತನಾಲ್ಕು ವರ್ಷ ಕೂತವನಿಗೆ ಈ ಆಟದಲ್ಲಿ ಮರ್ಯಾದೆ ಇಲ್ಲ.

ಸಮತೂಕ ಇಲ್ಲ ಎಂದು ಬರೆದು ಅಡ್ಡಗೆರೆ ಎಳೆದೆ. ಆಮೇಲೆ ಅನ್ನಿಸಿತು, ಕಡ್ಡಿ ಅಲುಗದೆ ನೆಟ್ಟಗೆ ನಿಂತ ತಕ್ಕಡಿಯನ್ನು ನಾನು ಯಾವತ್ತೂ ನಂಬಿದವನಲ್ಲ, ಹೆಚ್ಚಿನ ಸಲ ಅದು ತುಕ್ಕು ಹಿಡಿದಿರುತ್ತಿತ್ತು. ಗೆರೆ ಅಳಿಸಿದೆ. ಏನೂ ಗೊತ್ತಾಗುತ್ತಿಲ್ಲ.

ಮಗಳು ಇನ್ನೊಂದು ವಿಷಯ ತೆಗೆದಳು. ಅವಳ ಊರಿನಲ್ಲಿ ಒಂದು ಆರೈಕೆ ಕೇಂದ್ರ ಇದೆಯಂತೆ. ಮೂರು ತಿಂಗಳು ಅಲ್ಲೇ ಇರಬೇಕು, ದಿನಾ ಮಾತು, ದಿನಾ ವ್ಯಾಯಾಮ. ಜೊತೆಗೆ ಯಾರನ್ನೂ ಇರಗೊಡುವುದಿಲ್ಲ. ಮೊದಲ ಆರು ತಿಂಗಳು ಮುಖ್ಯ ಅಂತಾರಪ್ಪ ಎಂದಳು. ನಿಮ್ಮಮ್ಮನಿಗೆ ಅದೆಲ್ಲ ಹಿಡಿಸುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಇವಳು ಪಕ್ಕದಲ್ಲೇ ಕೂತಿದ್ದಳು.

ಮಾರ್ಚ್ 17, ಸೋಮವಾರ

ಮಧ್ಯಾಹ್ನ ಇವಳು ಮಲಗಿದ್ದಾಗ ತಂಡವನ್ನು ಗುಡಿಗೆ ಕರೆದೊಯ್ದು ತಕ್ಕಡಿಯನ್ನು ಕತ್ತಿಯವನನ್ನಾಗಿ ಮಾಡಿದೆ. ಅರವತ್ತನಾಲ್ಕು ಇದ್ದ ಲೆವೆಲ್ಲು ಒಂದಾಯಿತು. ಪರವಾಗಿಲ್ಲ, ಬೆಳೆಯುತ್ತಾನೆ. ಹಳೆಯದರ ಮೇಲೆಯೇ ಸೇವ್ ಮಾಡಿದೆ, ಹಿಂದಿನದು ಅಳಿಸಿಹೋಯಿತು. ಅವನ ಕೆಂಪು ಅಂಗಿ ಚೆನ್ನಾಗಿದೆ. ಎದ್ದ ಮೇಲೆ ನೋಡಿ ಖುಷಿಪಡುತ್ತಾಳೆ.

ಮಾರ್ಚ್ 18, ಮಂಗಳವಾರ

ಖುಷಿಪಡಲಿಲ್ಲ.

ಮಾರ್ಚ್ 21, ಶುಕ್ರವಾರ

ನಾಲ್ಕು ದಿನವಾಯಿತು, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ವ್ಯಾಯಾಮ ಇಲ್ಲ. ಸೂಪು ಅರ್ಧ ಬಟ್ಟಲು. ಮಾತಿನ ಟೀಚರ್ ಬಂದು ಚಿತ್ರಗಳನ್ನು ಹರಡಿದರೆ ತಿರುಗಿಯೂ ನೋಡಲಿಲ್ಲ. ನಾಳೆ ಎನ್ನುವುದನ್ನೂ ಬಿಟ್ಟಿದ್ದಾಳೆ. ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ.

ಹುಡುಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಏನಾಯ್ತು ಸರ್?"

ಏನಾಯಿತೆಂದು ಹೇಳಲಿ? ಆಟದ ಗೊಂಬೆಯ ಅಂಗಿ ಬದಲಿಸಿದೆ, ಹೆಂಡತಿ ಊಟ ಬಿಟ್ಟಳು ಎನ್ನಲೇ? ಹುಷಾರಿಲ್ಲ ಎಂದೆ. ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಹೀಗೇ ನಿಂತರೆ ಬಂದದ್ದೂ ಹಿಂದೆ ಹೋಗುತ್ತದೆ ಎಂದು ಎಚ್ಚರಿಸಿದಳು.

ಒಂದು ಗೊಂಬೆಗಾಗಿ ಇಷ್ಟೆಲ್ಲವೇ? ಅಥವಾ ಗೊಂಬೆಗಾಗಿ ಅಲ್ಲವೇ?

ಮಾರ್ಚ್ 27, ಗುರುವಾರ

ಬೇರೇನೂ ತೋಚದೆ ಒಬ್ಬನೇ ಗೋಪುರದೊಳಗೆ ನುಗ್ಗಿದೆ. ಗೆದ್ದು ತೋರಿಸಿದರೆ ಎದ್ದಾಳು ಎಂಬ ಆಸೆ.

ಒಳಗೆ ಬರೀ ಮಂಜು. ಎದುರಾಗುವ ಪ್ರಾಣಿಗಳೆಲ್ಲ ಕಪ್ಪು ನೆರಳುಗಳು, ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ. ಗುಬ್ಬಿ ಹೊಡೆದರೆ ಆ ಏಟು ಗುಬ್ಬಿಗೇ ವಾಪಸು. ಪುಟ್ಟಿಯ ಮಂತ್ರ ಪುಟ್ಟಿಗೇ. ಬಲ ಹೆಚ್ಚಿದ್ದಷ್ಟೂ ಪೆಟ್ಟು ಹೆಚ್ಚು. ಕೆಂಪಂಗಿಯ ತಕ್ಕಡಿ ಮೊದಲ ಸುತ್ತಿನಲ್ಲೇ ಮಲಗಿದ. ಏಳು ಸಲ ಹೋದೆ, ಏಳು ಸಲವೂ ಸತ್ತೆವು.

ಏಳನೆಯ ಸಲಕ್ಕೆ ಅರ್ಥವಾಯಿತು. ಎದುರಿಗಿರುವುದು ಏನೆಂದು ಮೊದಲು ಯಾರಾದರೂ ಹೇಳಬೇಕು. 'ಗುರುತಿಸು'. ವ್ಯಾಪಾರಿಯ ವಿದ್ಯೆ. ನೆರಳಿಗೆ ಹೆಸರು ಬಂದ ಮೇಲೆ ಮಾತ್ರ ಅದಕ್ಕೆ ಏಟು ತಾಗುತ್ತದೆ. ಕಸುಬು ಬದಲಿಸಿದಾಗ ಉಳಿಸಿಕೊಳ್ಳಲು ಎರಡು ವಿದ್ಯೆ ಆರಿಸುವಾಗ ನಾನು ಅದನ್ನೇ ಬಿಟ್ಟಿದ್ದೆ, ದಂಡ ಎಂದು.

ಸೇವ್‌ನ ಹಳೆಯ ತಾರೀಕು ಮೊದಲ ದಿನ ನೋಡಿದ್ದು ಈಗ ನೆನಪಾಗುತ್ತಿದೆ: ಇವಳು ಬಿದ್ದ ದಿನದ ಹಿಂದಿನ ಮಧ್ಯಾಹ್ನ. ಎಲ್ಲ ಸಿದ್ಧ ಮಾಡಿಕೊಂಡು ಗೋಪುರದ ಬಾಗಿಲಿಗೆ ಬಂದು ನಿಂತಿದ್ದಳು.

ಅಂದರೆ ನನ್ನನ್ನು ವ್ಯಾಪಾರಿ ಮಾಡಿದ್ದು ಈ ಗೋಪುರಕ್ಕಾಗಿಯೋ? ಅವಮಾನ ಅಲ್ಲವೇ ಅಲ್ಲ. ಮನಸ್ಸು ಹಗುರಾಗಬೇಕಿತ್ತು. ಯಾಕೋ ಸ್ವಲ್ಪ ನಿರಾಸೆಯೂ ಆಯಿತು. ಇಷ್ಟೇ ಕಾರಣವಾ ಎಂದು.

ಮಾರ್ಚ್ 28, ಶುಕ್ರವಾರ

ಮಂಚದ ಹತ್ತಿರ ಕುರ್ಚಿ ಎಳೆದು ಕೂತೆ. "ನಿನ್ನ ಕೇಳದೆ ಮಾಡಿಬಿಟ್ಟೆ. ತಪ್ಪಾಯ್ತು" ಎಂದೆ. ಇಲಾಖೆಯಲ್ಲಿ ಒಂದು ಸಲ ಮೇಲಧಿಕಾರಿಗೆ ಬರೆದುಕೊಟ್ಟದ್ದು ಬಿಟ್ಟರೆ ಈ ಮಾತು ನನ್ನ ಬಾಯಲ್ಲಿ ಬಂದದ್ದೇ ಇಲ್ಲ. ಇವಳು ಹೊರಳಲಿಲ್ಲ. ಉಸಿರು ಮಾತ್ರ ಬದಲಾಯಿತು.

ಗುಡಿಗೆ ಹೋಗಿ ತಕ್ಕಡಿಯನ್ನು ಮತ್ತೆ ವ್ಯಾಪಾರಿ ಮಾಡಿದೆ. ಲೆವೆಲ್ಲು ಒಂದು. ಹೋದ ಅರವತ್ತಮೂರು ಹೋದದ್ದೇ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ತಿಂಡಿಯಿಂದ ಮಧ್ಯಾಹ್ನದವರೆಗೆ ಕಪ್ಪೆ ಹೊಡೆಯುವುದೇ ಕೆಲಸ. ಬೆಟ್ಟದ ಬುಡದ ಜೌಗಿನಲ್ಲಿ ಹಸಿರು ಕಪ್ಪೆಗಳು ಬರುತ್ತವೆ, ಗುಬ್ಬಿ ಹೊಡೆಯುತ್ತಾಳೆ, ತಕ್ಕಡಿ ಹಿಂದೆ ಅಡಗಿ ನಿಲ್ಲುತ್ತಾನೆ, ಅವನ ಲೆವೆಲ್ಲು ಇರುವೆಯಂತೆ ಏರುತ್ತದೆ. ಇವತ್ತಿಗೆ ಹತ್ತೊಂಬತ್ತು. ಒಲೆಯ ಮೇಲೆ ಬ್ರೆಡ್ಡು ಇಟ್ಟು ಮರೆತೆ, ಕರಿಕಲಾಯಿತು.

ಸುಟ್ಟ ವಾಸನೆಗೆ ಇವಳು ಎದ್ದು ಗೋಡೆ ಹಿಡಿದು ಬಂದಳು. ಒಲೆ ಆರಿಸಿದಳು, ಎಡಗೈಯಲ್ಲಿ. ನಂತರ ಮಂಚಕ್ಕೆ ಹೋಗಲಿಲ್ಲ. ನನ್ನ ಹಿಂದಿನ ಕುರ್ಚಿಯಲ್ಲಿ ಕೂತಳು. ನಾನು ತಿರುಗಿ ನೋಡಲಿಲ್ಲ, ನೋಡಿದರೆ ಹೋಗಿಬಿಡುವಳೋ ಎಂದು.

ಒಂದು ದೊಡ್ಡ ಕಪ್ಪೆ ಅತ್ತೆಯನ್ನು ನುಂಗಲು ಬಂತು. ಯಾರನ್ನು ಕಳಿಸಲಿ ಎಂದು ಪರದೆಯನ್ನೇ ನೋಡುತ್ತ ಕೇಳಿದೆ. ಭುಜದ ಮೇಲಿಂದ ಎಡಗೈ ಬೆರಳು ಬಂತು. ಗುಬ್ಬಿ.

ಏಪ್ರಿಲ್ 9, ಬುಧವಾರ

ಗೋಪುರದ ಮೂರನೆಯ ಅಂತಸ್ತಿಗೆ ಬಂದೆವು! ತಕ್ಕಡಿಯದು ಈಗ ನಲವತ್ತೊಂದು.

ಕಂಟ್ರೋಲರನ್ನು ಇಬ್ಬರೂ ಹಿಡಿಯುತ್ತೇವೆ. ದಿಕ್ಕು ಇವಳ ಎಡ ಹೆಬ್ಬೆರಳು, ಗುಂಡಿ ನಾನು. ಪ್ರತಿ ಸಲ, ಒತ್ತಲಾ ಎಂದು ಕೇಳುತ್ತೇನೆ, ಇವಳು ನಾಳೆ ಎಂದರೆ ಒತ್ತುತ್ತೇನೆ. ಹಾಗಾಗಿ ಬಹಳ ನಿಧಾನ. ಬಲಗೈಯನ್ನು ಇವಳೇ ಎತ್ತಿ ಕಂಟ್ರೋಲರಿನ ಮೇಲೆ ಭಾರಕ್ಕೆ ಇಡುತ್ತಾಳೆ. ಬೆರಳು ಒಂದೆರಡು ಸಲ ಅಲುಗಿತು. ಟೀಚರಿಗೆ ತೋರಿಸಿದೆವು, ಬರೆದುಕೊಂಡಳು. ಕಿಟಕಿ ತೆರೆದಿದ್ದರಿಂದ ಪರದೆಯ ಮೇಲೆ ಬಿಸಿಲು ಬಿದ್ದು ಕಾಣುತ್ತಿರಲಿಲ್ಲ, ಆದರೆ ಇವಳಿಗೆ ಬೀದಿ ಕಾಣಬೇಕು. ಟಿವಿಯನ್ನೇ ಆಚೆ ಸರಿಸಿದೆ. ಟೀಗೆ ಎರಡು ಚಮಚ ಸಕ್ಕರೆ ಕುಡಿಯುತ್ತಾಳೆ, ಎಷ್ಟು ವರ್ಷದಿಂದಲೋ.

ಇವತ್ತು ಕೇಳಿಯೇಬಿಟ್ಟೆ. "ನನ್ನ ವ್ಯಾಪಾರಿ ಮಾಡಿದ್ದು ಗೋಪುರಕ್ಕೆ ಬೇಕು ಅಂತಲಾ, ಇಲ್ಲಾ ನಾನು ಹಾಗೇ ಅಂತಲಾ?"

ನಾಳೆ ಎಂದಳು. ಕೊನೆ ಬಿದ್ದದ್ದೂ ಅಲ್ಲ, ಎಳೆದದ್ದೂ ಅಲ್ಲ. ಆಮೇಲೆ ನಕ್ಕಳು, ಬಾಯಿಯ ಒಂದೇ ಬದಿಯಲ್ಲಿ, ತುಂಬ ಹೊತ್ತು. ನನಗೂ ನಗು ಬಂತು. ಯಾಕೆ ನಕ್ಕೆವೋ ತಿಳಿಯದು.

ಕೋಷ್ಟಕದ ಹಾಳೆ ಸಿಕ್ಕಿತು. ಹನ್ನೊಂದು ಕಸುಬಿಗೆ ಹನ್ನೊಂದು ಸಾಲು ಎಳೆದಿದ್ದೆ. ಒಬ್ಬೊಬ್ಬರನ್ನೇ ತೂಗಲು ಹೊರಟದ್ದು ತಪ್ಪಾಯಿತೇನೋ. ನಾಲ್ವರನ್ನು ಒಟ್ಟಿಗೆ ಇಟ್ಟರೆ ಕಡ್ಡಿ ನಿಲ್ಲುತ್ತದೋ ಏನೋ. ಆದರೂ ಬೆಟ್ಟದ ಮೇಲೆ ಒಂದು ತೂಕ, ಜೌಗಿನಲ್ಲಿ ಇನ್ನೊಂದು. ನನ್ನ ಕೈಯಲ್ಲಿ ಆಗದು. ಪರೀಕ್ಷೆ ಮುಗಿದ ತಕ್ಕಡಿಗೆ ಹಾಕುವ ಸೀಲು ಇದಕ್ಕೆ ಹಾಕದೆ ಬಿಡುತ್ತೇನೆ.

ಏಪ್ರಿಲ್ 14, ಸೋಮವಾರ

ಮಗಳು ಎರಡು ದಿನ ರಜೆ ಹಾಕಿ ಬಂದಿದ್ದಾಳೆ. ಆರೈಕೆ ಕೇಂದ್ರದವರು ಒಂದು ಹಾಸಿಗೆ ಖಾಲಿಯಾಗಿದೆ, ಬುಧವಾರದೊಳಗೆ ಹೇಳಿ ಎಂದಿದ್ದಾರಂತೆ. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು ಗುಟ್ಟಾಗಿ, ನೀನು ಒಪ್ಪು ಅಪ್ಪ ಎಂದಳು. ನನಗೆ ಒಪ್ಪಿಗೆ ಇಲ್ಲ. ಕೈ ಅಲುಗುತ್ತಿದೆ, ಊಟ ಮಾಡುತ್ತಿದ್ದಾಳೆ, ನಾಲ್ಕನೇ ಅಂತಸ್ತು ಬಾಕಿ ಇದೆ. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನೋಡಿದರೆ ಇವಳು ಬಾಗಿಲಲ್ಲಿ ನಿಂತಿದ್ದಳು.

ಒತ್ತುವ ಮೊದಲು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಕೇಳಿದೆ.

"ಮೂರು ತಿಂಗಳು ಅಂತೆ. ನಾನು ಅಲ್ಲಿರೋ ಹಾಗಿಲ್ಲ. ಏನ್ ಮಾಡ್ತೀಯ?"

ಇವಳು ಬಾಯಿ ತೆರೆದಳು. ನಾಳೆ ಬರುತ್ತದೆಂದು ಕಾದೆ, ಬರಲಿಲ್ಲ. ಕತ್ತಿನ ನರ ಬಿಗಿದಿತ್ತು. ಎಡಗೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

"ಹೋ," ಎಂದಳು. ಮತ್ತೆ, "ಹೋಗ್... ಹೋಗ್ತೀನಿ."

ಮಗಳು ಅವಳನ್ನು ತಬ್ಬಿಕೊಂಡು ಅಳತೊಡಗಿದಳು. ನನ್ನ ಕೈಯಲ್ಲಿ ಒದ್ದೆ ಲೋಟ ಇತ್ತು. ಅದನ್ನು ಒರೆಸಿದೆ, ಇಟ್ಟೆ, ಮತ್ತೆ ತೆಗೆದು ಒರೆಸಿದೆ.

ಏಪ್ರಿಲ್ 15, ಮಂಗಳವಾರ

ಮಾತಿನ ಟೀಚರಿಗೆ ಖುಷಿಯೋ ಖುಷಿ. ಹೊಸ ಪದ, ಅದೂ ತನ್ನ ಬಗ್ಗೆಯೇ ಹೇಳಿಕೊಂಡ ಕ್ರಿಯಾಪದ, ಇದು ಎಲ್ಲರಿಗೂ ಬರಲ್ಲ ಸರ್ ಎಂದಳು. ತಲೆಯಾಡಿಸಿದೆ.

ಎರಡು ತಿಂಗಳಿಂದ ಇವಳ ಬಾಯಿಂದ ಬರುವ ಎರಡನೆಯ ಮಾತಿಗೆ ಕಾದಿದ್ದೆ. ನೀರು ಎನ್ನಬಹುದು ಎಂದುಕೊಂಡಿದ್ದೆ. ರೀ ಎನ್ನಬಹುದು ಎಂದೂ, ಸುಳ್ಳು ಯಾಕೆ, ಅಂದುಕೊಂಡಿದ್ದೆ. ಬಂದದ್ದು ಹೋಗ್ತೀನಿ. ಮಾತು ಬಂದದ್ದಕ್ಕೆ ಎದೆ ತುಂಬಿದೆ, ಬಂದ ಮಾತಿಗೆ ಬರಿದಾಗಿದೆ. ಎರಡೂ ಒಂದೇ ಎದೆಯಲ್ಲಿ ಹೇಗೆ ಕೂತಿವೆಯೋ.

ನನ್ನ ಜೊತೆ ಬೇಸರವಾಗಿತ್ತೇ? ಅಥವಾ ಬೇಗ ಗುಣವಾಗಿ ಬರಬೇಕೆಂದೇ? ಕೇಳಬಹುದು. ಉತ್ತರ ನಾಳೆ ಎಂದೇ ಬಂದೀತು.

ಏಪ್ರಿಲ್ 20, ಭಾನುವಾರ

ಹತ್ತು ಗಂಟೆಗೆ ಮಗಳು ಕಾರು ಮಾಡಿಕೊಂಡು ಬಂದಳು. ನಿನ್ನೆ ರಾತ್ರಿ ಶುರುಮಾಡಿದ ಬಟ್ಟೆ ಜೋಡಣೆ ಆಗಷ್ಟೇ ಮುಗಿದಿತ್ತು, ಯಾಕೆಂದರೆ ಒಂದೊಂದನ್ನೂ ಎತ್ತಿ ಹಿಡಿದು ತೋರಿಸಬೇಕಿತ್ತು. ನೀಲಿ ಸ್ವೆಟರ್ ಬೇಡವಂತೆ, ನನಗೆ ಅದೇ ಚೆನ್ನಾಗಿ ಕಂಡಿತ್ತು. ಹಳದಿ ಸಾಕಂತೆ.

ಕಂಟ್ರೋಲರನ್ನು ಚೀಲದಲ್ಲಿ ಇಡಲೇ ಎಂದು ಕೇಳಿದೆ. ಅದನ್ನು ತೆಗೆದುಕೊಂಡು ನನ್ನ ಅಂಗಿಯ ಜೇಬಿಗೆ ತುರುಕಲು ನೋಡಿದಳು, ಅದು ಹಿಡಿಯಲಿಲ್ಲ, ಕೈಗೇ ಕೊಟ್ಟಳು. ನಾನು ಒಬ್ಬನೇ ಆಡಲಾ ಎಂದೆ. "ನಾಳೆ." ಕೊನೆ ಎಳೆದದ್ದು. ಈ ಸಲ ನನಗೆ ಅನುಮಾನ ಬರಲಿಲ್ಲ.

ಹಿಂದಿನ ಸೀಟಿನಲ್ಲಿ ದಿಂಬುಗಳನ್ನಿಟ್ಟು ಹಾಸಿಗೆಯಂತೆ ಮಾಡಿದ್ದಳು ಮಗಳು. ಬಾ ಅಮ್ಮ ಎಂದು ಹಿಂದಿನ ಬಾಗಿಲು ತೆರೆದಳು. ಇವಳು ಗೇಟಿನ ಕಂಬ ಹಿಡಿದು ನಿಂತೇ ಇದ್ದಳು. ಒಂದು ನಿಮಿಷ ತಾಳು ಎಂದು ಮಗಳಿಗೆ ಹೇಳಿ, ಇವಳ ಹತ್ತಿರ ಹೋಗಿ ಎಲ್ಲಿ ಕೂರ್ತೀಯ ಎಂದು ಕೇಳಿದೆ. ಎಡಗೈ ಎತ್ತಿ ಡ್ರೈವರ್ ಪಕ್ಕದ ಸೀಟು ತೋರಿಸಿದಳು. ಅಲ್ಲೇ ಕೂರಿಸಿದೆ, ಬೆಲ್ಟು ಹಾಕಿದೆ, ಗಾಜು ಎಷ್ಟು ಇಳಿಸಬೇಕೆಂದು ಕೇಳಿ ಅಷ್ಟು ಇಳಿಸಿದೆ.

ತಲೆ ಎತ್ತಿದಾಗ ಮಗಳು ತೆರೆದ ಬಾಗಿಲನ್ನು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು, ಹೊಸಬನನ್ನು ನೋಡಿದ ಹಾಗೆ. ಕಣ್ಣು ಕೆಂಪಾಗಿತ್ತು. ಏನಾಯಿತೆಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಡ್ರೈವರ್ ಗಾಡಿ ಚಾಲೂ ಮಾಡಿದ.